ಎಲ್ಲ ದೇಹಗಳಿಗೂ ಒಗ್ಗುವ ವ್ಯಾಯಾಮ

ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯ ಸುತ್ತಿನ ಹೊಲಗಳಲ್ಲಿ ಮುಂಗಾರಿನ ಭತ್ತ ನಾಲ್ಕೆಲೆ ಬಿಟ್ಟಿತೆಂದರೆ ಕಳೆ ತೆಗೆಯುವ ಕೆಲಸ ಆರಂಭವಾಗುತ್ತದೆ. ದಿನವಿಡೀ ಸೊಂಟ ಬಾಗಿಸಿ ದುಡಿಯುವ ತಾಯಂದಿರಿಗೆ ‘ವ್ಯಾಯಾಮ ಮಾಡಿರಿ’ ಎಂದು ಯಾರಾದರೂ ಉಪದೇಶಿಸಿದರೆ ಅವರು ನಕ್ಕಾರು. ನಗುವುದು ಸಹಜವೇ. ಆದರೆ ದುಡಿಮೆ ಬೇರೆ, ವ್ಯಾಯಾಮ ಬೇರೆ. ದುಡಿಮೆಯಲ್ಲಿ ಬೆನ್ನು ಒಂದೇ ದಿಕ್ಕಿಗೆ ಸಾವಿರ ಸಲ ಬಾಗುತ್ತದೆ. ಹಾಗೆ ಬಾಗಿದ್ದನ್ನು ಎದುರು ದಿಕ್ಕಿಗೆ ತಂದು ನೇರಗೊಳಿಸುವುದು ವ್ಯಾಯಾಮದ ಕೆಲಸ. ಕಾಯಕವನ್ನು ಪೂಜೆಯೆಂದು ಬಗೆದ ನಮ್ಮ ಸಮಾಜವು ಕಾಯಕ ಮಾಡುವ ಕಾಯದ ಆರೈಕೆಯನ್ನು ಮಾತ್ರ ಮುಪ್ಪು ಬರುವವರೆಗೆ ಮುಂದೂಡುತ್ತ ಬಂದಿದೆ ಎಂದು ನಮಗೆ ಅನಿಸುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನಂಥ ನಗರಗಳಲ್ಲಿ ‘ರಿಫಾರ್ಮರ್ ಪಿಲಾಟಿಸ್’ ಎಂಬ ವ್ಯಾಯಾಮ ಪದ್ಧತಿ ಪ್ರಚಾರಕ್ಕೆ ಬಂದಿದೆ. ರಿಫಾರ್ಮರ್ ಎಂದರೆ ಸುಧಾರಕ. ಇಂಗ್ಲಿಷ್ ಗ್ರಂಥಗಳು ಬಸವಣ್ಣನವರಿಗೆ ಕೊಡುವ ವಿಶೇಷಣವೂ ಅದೇ ಆದ್ದರಿಂದ, ಒಂದು ಮಂಚಕ್ಕೆ ಆ ಹೆಸರಿಟ್ಟದ್ದು ನಮ್ಮ ಓದುಗರಿಗೆ ವಿನೋದವಾಗಿ ಕಂಡೀತು. ಅದು ವಾಸ್ತವವಾಗಿ ಮಂಚವೇ. ಉದ್ದನೆಯ ಚೌಕಟ್ಟಿನೊಳಗೆ ಗಾಲಿಗಳ ಮೇಲೆ ಹಿಂದೆ ಮುಂದೆ ಜಾರುವ ಹಾಸು. ಆ ಹಾಸನ್ನು ಚೌಕಟ್ಟಿಗೆ ಬಿಗಿದ ನಾಲ್ಕೈದು ಸ್ಪ್ರಿಂಗುಗಳು. ಪಾದ ಒತ್ತಲು ಒಂದು ಅಡ್ಡಪಟ್ಟಿ. ಕೈಕಾಲುಗಳಿಗೆ ರಾಟೆಯ ಮೇಲೆ ಹಾಯ್ದ ಹಗ್ಗಗಳು. ಮಲಗಿಕೊಂಡು ಪಾದದಿಂದ ಪಟ್ಟಿಯನ್ನು ಒತ್ತಿದರೆ ಹಾಸು ಜಾರುತ್ತದೆ, ಸ್ಪ್ರಿಂಗು ಹಿಂದಕ್ಕೆಳೆಯುತ್ತದೆ. ದೇಹದ ಭಾರ ಮೊಣಕಾಲಿನ ಮೇಲೆ ಬೀಳದೆ ಕಾಲಿನ ಸ್ನಾಯುಗಳಿಗೆ ಕೆಲಸ ದೊರೆಯುತ್ತದೆ. ಸ್ಪ್ರಿಂಗುಗಳನ್ನು ಕಳಚಿ ಅಥವಾ ಕೂಡಿಸಿ, ಒಂದೇ ಮಂಚದ ಮೇಲೆ ಕುಸ್ತಿಯ ಪೈಲ್ವಾನನಿಗೂ ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿರುವ ಅಜ್ಜಿಗೂ ತಕ್ಕ ಅಭ್ಯಾಸ ಮಾಡಿಸಬಹುದು. ಒಂದು ಸೋಜಿಗವೆಂದರೆ, ಸ್ಪ್ರಿಂಗು ಕಡಿಮೆಯಾದಷ್ಟೂ ಕೆಲಸ ಸುಲಭವೆಂದು ತಿಳಿಯಬಾರದು. ಕಾಲೊತ್ತುವಾಗ ಕಡಿಮೆ ಸ್ಪ್ರಿಂಗು ಹಗುರ. ಹೊಟ್ಟೆಯ ಸ್ನಾಯುಗಳಿಂದ ಹಾಸನ್ನು ತಡೆದು ನಿಲ್ಲಿಸಬೇಕಾದಾಗ ಆಸರೆ ತಪ್ಪಿ ಅದೇ ಕಠಿಣವಾಗುತ್ತದೆ.

ಇದನ್ನು ರೂಪಿಸಿದ ಜೋಸೆಫ್ ಪಿಲಾಟಿಸ್ 1883ರಲ್ಲಿ ಜರ್ಮನಿಯಲ್ಲಿ ಜನಿಸಿದವನು. ಬಾಲ್ಯದಲ್ಲಿ ಉಬ್ಬಸ ಮೊದಲಾದ ಕಾಯಿಲೆಗಳಿಂದ ಬಳಲಿದವನು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ಆತನನ್ನು ಶತ್ರುದೇಶದವನೆಂದು ಬಂಧನ ಶಿಬಿರದಲ್ಲಿಟ್ಟರು. ಅಲ್ಲಿ ಹಾಸಿಗೆ ಹಿಡಿದವರ ಮಂಚಗಳಿಗೆ ಸ್ಪ್ರಿಂಗು ಕಟ್ಟಿ, ಮಲಗಿದಲ್ಲಿಯೇ ಅವರು ಕೈಕಾಲು ಆಡಿಸುವಂತೆ ಮಾಡಿದನೆಂದು ಹೇಳಿಕೊಂಡು ಬರಲಾಗಿದೆ. 1926ರಲ್ಲಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಲ್ಲಿ ಪತ್ನಿ ಕ್ಲಾರಾಳೊಡನೆ ವ್ಯಾಯಾಮಶಾಲೆ ನಡೆಸಿ, 1967ರಲ್ಲಿ ತೀರಿಕೊಂಡನು.

ಇಂಥ ಮಂಚದ ಬೆಲೆ ಲಕ್ಷದ ಲೆಕ್ಕದಲ್ಲಿದೆ. ಬಮ್ಮಿಗಟ್ಟಿಯಂಥ ಊರಿಗೆ ಅದು ಬರುವುದು ದೂರದ ಮಾತು. ಆದರೆ ಅದರ ಹಿಂದಿನ ತತ್ತ್ವ, ಎಂದರೆ ಅಶಕ್ತ ದೇಹಕ್ಕೆ ಆಸರೆ ಕೊಟ್ಟು ಅಭ್ಯಾಸ ಮಾಡಿಸುವುದು, ನಮ್ಮ ನಾಡಿಗೆ ಹೊಸದಲ್ಲ; ಅದರ ಒಂದು ಕೊಂಡಿ ನಮ್ಮ ಧಾರವಾಡದಲ್ಲಿಯೇ ಇದೆ.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು, ಇನ್‌ಫ್ಲುಯೆಂಜಾ ಮಹಾಮಾರಿಯ ದಿನಗಳಲ್ಲಿ, ಬಿ.ಕೆ.ಎಸ್. ಅಯ್ಯಂಗಾರರು ಜನಿಸಿದರು. ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ಸೊರಗಿದ ಹುಡುಗ. ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದ ಭಾವ ಟಿ. ಕೃಷ್ಣಮಾಚಾರ್ಯರ ಬಳಿ ಸೇರಿ ಆಸನಗಳನ್ನು ಕಲಿತರು. 1936ರಲ್ಲಿ ಗುರುಗಳೊಡನೆ ಉತ್ತರ ಕರ್ನಾಟಕದ ಪ್ರವಾಸಕ್ಕೆ ಬಂದಾಗ ಧಾರವಾಡದ ಕೆಲವು ಮಹಿಳೆಯರು ಯೋಗ ಕಲಿಯಲು ಬಯಸಿದರು. ಅಂದಿನ ಸಂಕೋಚದ ಕಾಲದಲ್ಲಿ ಅವರಿಗೆ ಕಲಿಸುವವರಾರು? ತಂಡದಲ್ಲಿ ಅತಿ ಕಿರಿಯನೆಂಬ ಕಾರಣಕ್ಕೆ ಆ ಹೊಣೆ ಅಯ್ಯಂಗಾರರಿಗೆ ಬಂತು. ಮುಂದೆ ಜಗತ್ತಿಗೇ ಗುರುವಾದವರ ಮೊದಲ ಶಿಷ್ಯವರ್ಗದಲ್ಲಿ ಧಾರವಾಡದ ಹೆಣ್ಣುಮಕ್ಕಳಿದ್ದರೆಂಬುದು ನಮ್ಮ ಭಾಗದವರಿಗೇ ಅಷ್ಟಾಗಿ ನೆನಪಿಲ್ಲ. ಆ ಪ್ರವಾಸದಲ್ಲಿ ಪರಿಚಯವಾದ ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆಯವರ ಕರೆಯ ಮೇರೆಗೆ 1937ರಲ್ಲಿ ಅವರು ಪುಣೆಗೆ ಹೋದರು. 2014ರಲ್ಲಿ ನಿಧನರಾಗುವವರೆಗೆ ಅದೇ ಅವರ ಊರಾಯಿತು.

ಪುಣೆಯಲ್ಲಿ ಅವರ ಬಳಿಗೆ ಬಂದವರೆಲ್ಲ ಗಟ್ಟಿಮುಟ್ಟಾದ ತರುಣರಲ್ಲ. ಬೆನ್ನುನೋವಿನವರು, ಹೃದ್ರೋಗಿಗಳು, ವೃದ್ಧರು ಬಂದರು. 80ರ ಆಸುಪಾಸಿನ ಬೆಲ್ಜಿಯಂ ರಾಜಮಾತೆ ಎಲಿಜಬೆತ್ ಅವರಿಂದ ಶೀರ್ಷಾಸನವನ್ನೇ ಕಲಿತರು. ಬಾಗಲಾರದವರನ್ನು ಬಲವಂತವಾಗಿ ಬಾಗಿಸದೆ, ಇಟ್ಟಿಗೆ, ಪಟ್ಟಿ, ಕುರ್ಚಿ, ಲೋಡು, ಗೋಡೆಗೆ ಬಿಗಿದ ಹಗ್ಗಗಳ ನೆರವಿನಿಂದ ಅವರಿರುವಲ್ಲಿಗೇ ಆಸನವನ್ನು ತಂದುಕೊಟ್ಟದ್ದು ಅವರ ದೊಡ್ಡ ಸಾಧನೆ. 1979ರಲ್ಲಿ ಸ್ಕೂಟರ್ ಅಪಘಾತದಲ್ಲಿ ಸ್ವತಃ ಗಾಯಗೊಂಡ ಮೇಲೆ ತಮ್ಮ ಆಸನಗಳನ್ನು ಅವರೇ ಮತ್ತೆ ಮೊದಲಿನಿಂದ ಸಾಧಿಸಬೇಕಾಯಿತು.

ನಮ್ಮ ಸೀಮೆಯ ಗರಡಿಮನೆಗಳ ಬಗ್ಗೆ, ಲಕ್ಷ್ಮೇಶ್ವರ, ತುಳಸಿಗೇರಿಗಳ ಮಲ್ಲಕಂಬದ ಬಗ್ಗೆ ನಮಗೆ ಅಭಿಮಾನವಿದೆ. ಆದರೆ ಅವೆಲ್ಲ ಬಲ್ಲಿದರ ವಿದ್ಯೆ. ಪೋಲಿಯೊದಿಂದ ಒಂದು ಕಾಲು ಸೊರಗಿದವನಿಗೆ, ಮಂಡಿ ಸವೆದ ತಾಯಿಗೆ ಅಲ್ಲಿ ಸ್ಥಳವಿರಲಿಲ್ಲ.

ಮನೆಯಲ್ಲಿರುವುದರಿಂದಲೇ ತೊಡಗಬಹುದು. ಅಂಗಾತ ಮಲಗಿ, ಒಂದು ಪಾದಕ್ಕೆ ಹಳೆಯ ಸೀರೆಯ ಪಟ್ಟಿ ಹಾಕಿ ಎರಡೂ ಕೈಗಳಿಂದ ಹಿಡಿದು ಕಾಲನ್ನು ನಿಧಾನವಾಗಿ ಮೇಲೆತ್ತಬೇಕು. ಇನ್ನೊಂದು ಪಾದ ಗೋಡೆಯನ್ನು ಒತ್ತಿರಲಿ. ರಿಫಾರ್ಮರ್ ಮಂಚದ ಹಗ್ಗ ಮಾಡುವ ಕೆಲಸಕ್ಕೆ ಇದು ಬಹಳ ಹತ್ತಿರ. ದಿನವಿಡೀ ಬಾಗಿ ಬಂದವರು ಗೋಡೆಗೆ ಎರಡೂ ಅಂಗೈ ಊರಿ, ಹೆಜ್ಜೆ ಹಿಂದಿಟ್ಟು, ಬೆನ್ನನ್ನು ಉದ್ದಕ್ಕೆ ಚಾಚಲಿ. ಅನಂತರ ನೆಲದ ಮೇಲೆ ಮಲಗಿ ಮೀನಗಂಡಗಳನ್ನು ಕುರ್ಚಿಯ ಮೇಲಿಟ್ಟು ಐದು ನಿಮಿಷ ಸುಮ್ಮನಿರಲಿ. ವಯಸ್ಸಾದವರಿಗೆ, ಕೈಯೂರದೆ ಕುರ್ಚಿಯಿಂದ ಏಳುವುದು, ಕೂಡುವುದು ಇವೇ ದೊಡ್ಡ ಅಭ್ಯಾಸ. ಉಸಿರು ಬಿಗಿ ಹಿಡಿಯಬಾರದು. ಎಲುಬು ಟೊಳ್ಳಾದವರು ರಭಸದಿಂದ ಮುಂದಕ್ಕೆ ಬಾಗಬಾರದು. ರಕ್ತದೊತ್ತಡವುಳ್ಳವರು ತಲೆಕೆಳಗಾದ ಆಸನಗಳ ತಂಟೆಗೆ ಹೋಗಬಾರದು. ಗರ್ಭಿಣಿಯರು, ಕೀಲು ಬದಲಿಸಿಕೊಂಡವರು ವೈದ್ಯರನ್ನು ಕೇಳಿಯೇ ತೊಡಗಬೇಕು. ನೋವು ಕಾಲಿನುದ್ದಕ್ಕೂ ಇಳಿದರೆ, ಜೋಮು ಹಿಡಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ನಮ್ಮ ಮನೆಗಳಲ್ಲಿ ಇನ್ನೊಂದು ಸಂಗತಿಯುಂಟು. ಮಂಡಿ ನೋವಿನ ಹಿರಿಯರು ನೆಲದ ಮೇಲೆ ಕೂಡಲಾಗದೆ ಲಿಂಗಪೂಜೆಯನ್ನೇ ಮೊಟಕುಗೊಳಿಸುತ್ತಾರೆ. ಕೇಳಿದರೆ, ‘ಕುರ್ಚಿ ಮ್ಯಾಲ ಕೂತು ಎಂಥಾ ಪೂಜಿ?’ ಎನ್ನುತ್ತಾರೆ. ಈ ಹಿಂಜರಿಕೆ ನಮಗೆ ಒಪ್ಪಿಗೆಯಾಗದು. ಇಷ್ಟಲಿಂಗವು ಕರಸ್ಥಲಕ್ಕೆ ಬರುವ ದೈವ; ಅಂಗೈ ಎಲ್ಲಿದೆಯೋ ಅಲ್ಲಿ ಅದರ ಪೀಠ. ಬೇಕಾದುದು ನೆಟ್ಟಗಿನ ಬೆನ್ನು, ನಿಂತ ದೃಷ್ಟಿ. ಮಡಚಿದ ಕಂಬಳಿಯ ಮೇಲೋ ಎತ್ತರದ ಮಣೆಯ ಮೇಲೋ ಕುಳಿತು, ಮೊಣಕಾಲಿಗಿಂತ ಸೊಂಟ ಮೇಲಿರುವಂತೆ ನೋಡಿಕೊಂಡರೆ ಅನೇಕರಿಗೆ ನೆಲದ ಮೇಲೆಯೇ ಸಾಧ್ಯವಾದೀತು. ಆಗದಿದ್ದರೆ ಪಾದಗಳು ಪೂರ್ತಿ ನೆಲಕ್ಕೆ ತಾಗುವ, ಕೈಯಿಲ್ಲದ ಕುರ್ಚಿ ಸಾಕು.

ಊರಿನ ಮಠದ ಪಡಸಾಲೆಯಲ್ಲಿಯೋ ಶಾಲೆಯ ಕೋಣೆಯಲ್ಲಿಯೋ ಹತ್ತು ಕುರ್ಚಿ, ಒಂದಿಷ್ಟು ಕಂಬಳಿ, ಗೋಡೆಗೆ ನಾಲ್ಕು ಗಟ್ಟಿ ಕೊಂಡಿಗಳಿದ್ದರೆ ಇದನ್ನು ಒಟ್ಟಾಗಿ ಮಾಡಬಹುದು. ಮೊದಲ ಕೆಲವು ವಾರ ಹುಬ್ಬಳ್ಳಿ-ಧಾರವಾಡದಿಂದ ಫಿಜಿಯೋಥೆರಪಿ ಬಲ್ಲವರೊಬ್ಬರನ್ನು ಕರೆಸಿ, ಊರಿನ ಇಬ್ಬರು ಹೆಣ್ಣುಮಕ್ಕಳಿಗೆ ಚೆನ್ನಾಗಿ ಕಲಿಸಿಕೊಟ್ಟರೆ ಮುಂದೆ ಅವರೇ ನಡೆಸಿಯಾರು. ಹೊತ್ತು ಮಾತ್ರ ಸಂಜೆಯ ಅಡಿಗೆಯ ವೇಳೆಗೆ ಅಡ್ಡಬರದಂತಿರಬೇಕು. ಇಲ್ಲವಾದರೆ ಯಾರಿಗಾಗಿ ಮಾಡಿದೆವೋ ಅವರೇ ಬಾರರು.