ಲಕ್ಷ್ಮೀ ರಸ್ತೆಯ ಅತಿಥಿಗೃಹ

ಹಳೆಯ ವಸತಿಗೃಹ ಎಂದೊಡನೆ ಕಡಲತೀರ, ಕಿಟಕಿಯಾಚೆ ಅಲೆಗಳು ನೆನಪಾಗುತ್ತವೆ. ಪುಣೆಯ ಪೂನಾ ಗೆಸ್ಟ್ ಹೌಸ್‌ಗೆ ಆ ಭಾಗ್ಯವಿಲ್ಲ. ಹೊರಗೆ ಲಕ್ಷ್ಮೀ ರಸ್ತೆಯ ಸೀರೆ ವ್ಯಾಪಾರದ ಗದ್ದಲ. ಮೂಕಿಚಿತ್ರಗಳ ನಿರ್ದೇಶಕ ನಾನಾಸಾಹೇಬ್ ಸರಪೋತದಾರ್ 1935ರಲ್ಲಿ ಆರಂಭಿಸಿದ ಈ ಮನೆಯನ್ನು ಇಷ್ಟು ಕಾಲ ಉಳಿಸಿದ್ದು ಅದರ ಅಡುಗೆಮನೆ ಎಂಬುದು ನನ್ನ ವಾದ. ನಾಟಕ, ಸಿನಿಮಾದವರಿಗೆ ಊರೂರು ತಿರುಗುವುದೇ ಕಸುಬು. ತಡರಾತ್ರಿ ಬಣ್ಣ ಅಳಿಸಿ ಬಂದವರಿಗೆ ಬೇಕಾದದ್ದು ಮನೆರುಚಿ; ಥಾಲಿಪೀಠ, ಸಾಬೂದಾಣಾ ಖಿಚಡಿಯಂಥ ಮರಾಠಿ ಮನೆಯಡುಗೆ ಅದನ್ನು ಕೊಟ್ಟಿತು.

ಕಡಲಗಾಳಿಯಿಲ್ಲದೆ ತಂಗುವ ಸುಖವೆಲ್ಲಿ ಎಂದು ಕೇಳಬಹುದು. ರಜೆಗೆ ಬಂದವರ ಮಟ್ಟಿಗೆ ಅದು ಸರಿಯೇ. ಆದರೆ ಇಲ್ಲಿ ಕೋಣೆ ಹಿಡಿಯದ ಪುಣೆಯವರೂ ಊಟಕ್ಕೆ ಬರುತ್ತಾರೆ, ಅತಿಥಿಗೆ ಊರಿನ ಪರಿಚಯ ಅಲ್ಲೇ ಆಗುತ್ತದೆ. ಕಡಲತೀರದ ರೆಸಾರ್ಟ್‌ಗಳಲ್ಲಿ ಪಕ್ಕದ ಮೇಜಿನಲ್ಲಿ ಕೂತವರು ಸಾಮಾನ್ಯವಾಗಿ ಇನ್ನೊಬ್ಬ ಪ್ರವಾಸಿ, ಅಷ್ಟೆ.