ಗಲ್ಲಾ ಮೇಲಿನ ಮಾನಿಟರ್: ಬರೀ ಇಂಚು ನೋಡಿ ಮೋಸ ಹೋಗಬೇಡಿ!

ಜಮಖಂಡಿಯ ಪೇಟೆಯಿರಲಿ, ಮುಧೋಳದ ಬಜಾರವಿರಲಿ, ಕಿರ್ದಿ-ಖತಾವಣಿ ಪುಸ್ತಕ ಇರುತ್ತಿದ್ದ ಜಾಗದಲ್ಲಿ ಈಗ ಕಂಪ್ಯೂಟರ್ ಬಂದು ಕೂತಿದೆ. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದ ಮೇಲಂತೂ ಕೇಳುವುದೇ ಬೇಡ. ಆದರೆ ಬೆಳಗಿನಿಂದ ರಾತ್ರಿತನಕ ಕಣ್ಣು ನೆಡಬೇಕಾದ ಮಾನಿಟರನ್ನು ಕೊಳ್ಳುವಾಗ ಸಾಹುಕಾರರು ಕೇಳುವುದು ಒಂದೇ ಮಾತು: "ಎಷ್ಟ್ ಇಂಚಿಂದೈತ್ರಿ?"

ಎಡವಟ್ಟು ಆಗುವುದು ಇಲ್ಲೇ. ಇಂಚು ಎಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಅಳತೆ, ಅಷ್ಟೇ. ಆ ಅಳತೆಯೊಳಗೆ ಎಷ್ಟು ಚುಕ್ಕಿ ತುಂಬಿವೆ ಎಂಬುದೇ ರೆಸಲ್ಯೂಶನ್. ಹದಿನೆಂಟೂವರೆ ಇಂಚಿನ ಸಾಮಾನ್ಯ ಮಾನಿಟರಿನಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768, ಅಂದರೆ ಹತ್ತೂವರೆ ಲಕ್ಷದಷ್ಟು ಚುಕ್ಕಿ. ಫುಲ್ ಎಚ್.ಡಿ. ಎಂಬುದರಲ್ಲಿ 1920ಕ್ಕೆ 1080. ಹತ್ತಿರ ಹತ್ತಿರ ಎರಡು ಪಟ್ಟು. ಅಗ್ಗಕ್ಕೆ ಸಿಕ್ಕಿತೆಂದು 32 ಇಂಚಿನ ಟಿ.ವಿ. ತಂದು ಗಲ್ಲಾ ಮೇಲೆ ಇಟ್ಟವರ ಕಥೆ ಬೇರೆ. ಅಂಥ ಅಗ್ಗದ ಟಿ.ವಿ.ಗಳಲ್ಲಿ ಬಹಳಷ್ಟಕ್ಕೆ ಇರುವುದು ಅದೇ 1366ರ ಲೆಕ್ಕ. ಇಂಚಿಗೆ ಐವತ್ತು ಚುಕ್ಕಿಯೂ ಬೀಳುವುದಿಲ್ಲ. ಎರಡು ಅಡಿಯಿಂದ ನೋಡಿದರೆ ಅಕ್ಷರಗಳ ಅಂಚು ಗರಗಸದ ಹಲ್ಲಿನಂತೆ!

ಇಂಗ್ಲಿಷ್ ಅಕ್ಷರ ಹೇಗೋ ತಡೆದುಕೊಂಡೀತು. ಕನ್ನಡಕ್ಕೆ ಚುಕ್ಕಿ ಸಾಲದಿದ್ದರೆ ಬಲು ಕಷ್ಟ. ದ-ಧ, ಬ-ಭ, ಪ-ಫ ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. "ಲಕ್ಷ್ಮೀ" ಎಂದು ಬರೆದರೆ ಅಕ್ಷರದ ಕೆಳಗೆ ಒತ್ತು, ಅದರ ಕೆಳಗೆ ಮತ್ತೊಂದು ಒತ್ತು. ಜಾಗ ಸಾಲದೆ ಅವೆಲ್ಲ ಒಂದಕ್ಕೊಂದು ಮೆತ್ತಿಕೊಂಡು ಕಪ್ಪು ಕಲೆ ಆಗುತ್ತವೆ. ಲಕ್ಷ್ಮೀ ಹೆಸರಿನ ಅಂಗಡಿಗಳಿಗೆ ನಮ್ಮ ಕಡೆ ಬರವೇ? ಜಿ.ಎಸ್.ಟಿ. ನಂಬರಿನದೂ ಅದೇ ಹಾಡು. ಹದಿನೈದು ಅಂಕಿ-ಅಕ್ಷರ, ಕರ್ನಾಟಕದ್ದು 29ರಿಂದ ಶುರು, ಮಹಾರಾಷ್ಟ್ರದ್ದು 27ರಿಂದ. ನಡುವೆ 8 ಯಾವುದು, ಬಿ ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡುವಷ್ಟರಲ್ಲಿ ಗಿರಾಕಿ ಬಸ್ ತಪ್ಪಿತೆಂದು ಗೊಣಗುತ್ತಾನೆ. ಒಂದು ಅಕ್ಷರ ತಪ್ಪಿದರೆ ಬಿಲ್ಲು ಮತ್ತೆ ಮೊದಲಿನಿಂದ.

ಅಕ್ಷರ ಸಣ್ಣವಾದವೆಂದು ಜನ ಮಾಡುವ ಉಪಾಯವೂ ವಿಚಿತ್ರ. ಫುಲ್ ಎಚ್.ಡಿ. ಮಾನಿಟರ್ ತಂದು ರೆಸಲ್ಯೂಶನ್ ಇಳಿಸಿಬಿಡುತ್ತಾರೆ. ಅಕ್ಷರ ದೊಡ್ಡವೇನೋ ಆಗುತ್ತವೆ, ಜೊತೆಗೆ ಮಸುಕೂ ಆಗುತ್ತವೆ. ಹಿಂದಿನ ಡಬ್ಬಿಯಂಥ ಮಾನಿಟರಿಗೆ ಈ ಉಪಾಯ ನಡೆಯುತ್ತಿತ್ತು. ಈಗಿನ ತೆಳು ಪರದೆಯಲ್ಲಿ ಚುಕ್ಕಿಗಳ ಸಂಖ್ಯೆ ಕಾರ್ಖಾನೆಯಲ್ಲೇ ಗಟ್ಟಿ. ಆದ್ದರಿಂದ ರೆಸಲ್ಯೂಶನ್ ಮುಟ್ಟದೆ, ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಸ್ಕೇಲ್ ಎಂಬುದನ್ನು 125ಕ್ಕೆ ಏರಿಸಬೇಕು. ಅಕ್ಷರ ದೊಡ್ಡದು, ಅಂಚೂ ಚೊಕ್ಕ. ಕೆಲವು ಹಳೆಯ ಲೆಕ್ಕದ ಪ್ರೋಗ್ರಾಮುಗಳು ಇದಕ್ಕೆ ಜಗ್ಗುವುದಿಲ್ಲ, ಅಂಥವರು 22 ಇಂಚು ಬಿಟ್ಟು 24 ಇಂಚಿನ ಫುಲ್ ಎಚ್.ಡಿ. ತರುವುದೇ ಮೇಲು. ಚುಕ್ಕಿ ಅಷ್ಟೇ ಇದ್ದು ಪರದೆ ಹಿಗ್ಗಿರುವುದರಿಂದ ಅಕ್ಷರ ಹತ್ತಕ್ಕೆ ಒಂದು ಪಾಲು ತಾನಾಗಿಯೇ ದೊಡ್ಡದು. 27 ಇಂಚು ಬೇಕೆಂಬ ಹಟವಿದ್ದರೆ 2560ಕ್ಕೆ 1440 ಇರುವುದನ್ನೇ ಕೇಳಬೇಕು. ಆದರೆ ಒಂದೂವರೆ ಅಡಿ ಅಗಲದ ಮೇಜಿಗೆ ಅಷ್ಟು ದೊಡ್ಡದು ಯಾಕೆ? ಈ ತುದಿಯಿಂದ ಆ ತುದಿಗೆ ಕತ್ತು ತಿರುಗಿಸುವುದೇ ಒಂದು ಕೆಲಸವಾದೀತು.

ರಬಕವಿ-ಬನಹಟ್ಟಿಯ ನೇಕಾರರಿಗೆ ಈ ಚುಕ್ಕಿ ಲೆಕ್ಕ ಹೊಸದೇನಲ್ಲ. ಸೀರೆಯ ದಡಿ, ಸೆರಗಿನ ಚಿತ್ತಾರವನ್ನು ಚೌಕುಳಿ ಕಾಗದದಲ್ಲಿ ಮನೆ ಮನೆ ತುಂಬಿ ಬರೆದು, ಜಕಾರ್ಡ್ ಪಟ್ಟಿಗೆ ತೂತು ಹೊಡೆದ ಕೈಗಳಿವು. ಆ ಕೆಲಸ ಈಗ ಕಂಪ್ಯೂಟರಿಗೆ ಬಂದಿದೆ. 400 ಹುಕ್ಕಿನ ಜಕಾರ್ಡಿನ ಚಿತ್ತಾರದಲ್ಲಿ ಒಂದೊಂದು ಮನೆಗೆ ಅಡ್ಡಕ್ಕೆ ನಾಲ್ಕು ಚುಕ್ಕಿ ಕೊಟ್ಟರೂ 1600 ಚುಕ್ಕಿ ಬೇಕು. 1920ರ ಪರದೆಯಲ್ಲಿ ಅದು ಪೂರ್ತಿ ಕೂರುತ್ತದೆ. 1366ರಲ್ಲಿ ಕೂರುವುದಿಲ್ಲ, ಅತ್ತ ಸರಿಸಿ, ಇತ್ತ ಸರಿಸಿ ನೋಡಬೇಕು. ಹಾಗೆ ಸರಿಸುವಾಗ ಕಣ್ತಪ್ಪಿ ಉಳಿದ ಒಂದು ಮನೆ, ನೇಯ್ದ ಸೀರೆಯುದ್ದಕ್ಕೂ ಮತ್ತೆ ಮತ್ತೆ ಮೂಡುತ್ತದೆ. ಅಲ್ಲಿ ಉಳಿಸಿದ ಮಾನಿಟರಿನ ದುಡ್ಡು ನೂಲಿನಲ್ಲಿ ಹೋಯಿತು.

ಇನ್ನು ಇಡುವ ಜಾಗ. ಕೈ ಚಾಚಿದರೆ ಬೆರಳ ತುದಿ ಪರದೆಗೆ ತಾಕುವಷ್ಟು ದೂರ, ಎರಡು ಅಡಿ ಆಸುಪಾಸು, ಸಾಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಇಲ್ಲವೇ ತುಸು ಕೆಳಗೆ ಇರಬೇಕು. ಎರಡು ಪದರಿನ ಚಾಳೀಸು ಹಾಕುವವರು ಇನ್ನೂ ಕೆಳಗಿಡಬೇಕು, ಇಲ್ಲದಿದ್ದರೆ ಕೆಳಗಿನ ಗಾಜಿನಿಂದ ನೋಡಲು ಗದ್ದ ಎತ್ತೆತ್ತಿ ಸಂಜೆಗೆ ಕತ್ತು ನೋವು ಗ್ಯಾರಂಟಿ. ಬೀಳಗಿಯ ಬಿಸಿಲಿನಂಥ ಬಿಸಿಲಲ್ಲಿ ರಸ್ತೆಗೆ ಮುಖ ಮಾಡಿ ಕೂತವರಿಗೆ ಪರದೆಯ ಹಿಂದಿನಿಂದ ಬೆಳಕು ಹೊಡೆಯುತ್ತದೆ. ಬಾಗಿಲಿಗೆ ಬೆನ್ನು ಮಾಡಿದರೆ ಬೆಳಕು ಪರದೆಯ ಮೇಲೇ ಕುಣಿಯುತ್ತದೆ. ಬಾಗಿಲಿಗೆ ಅಡ್ಡಲಾಗಿ ಇಟ್ಟರೆ ಎರಡೂ ತಪ್ಪುತ್ತವೆ. ಪರದೆ ನೋಡುವಾಗ ಮನುಷ್ಯ ರೆಪ್ಪೆ ಬಡಿಯುವುದೇ ಕಡಿಮೆ, ಕಣ್ಣು ಒಣಗಿ ಉರಿಯುವುದು ಅದಕ್ಕೇ. ಬಸ್ಸಿನಲ್ಲಿ ಕುಲುಕುತ್ತ ಮೊಬೈಲ್ ನೋಡಿಯೇ ಬಂದು ಕೆಲಸಕ್ಕೆ ಕೂರುವ ಹುಡುಗರಿಗೆ ಇದು ಇನ್ನೂ ಜಾಸ್ತಿ.

ಕೊಳ್ಳಲು ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ಒಂದು ಕನ್ನಡ ಬಿಲ್ಲು ಒಯ್ಯಿರಿ. ಅಂಗಡಿಯವ ತೋರಿಸುವ ಹೂವು, ಜಲಪಾತ ಎಲ್ಲ ಮಾನಿಟರಿನಲ್ಲೂ ಚಂದವೇ. "ಅದ್ ಇರ್ಲಿ, ಇದನ್ನ ತಗದ್ ತೋರಸ್ರಿ" ಎಂದು ಬಿಲ್ಲು ತೆಗೆಸಿ, ಎರಡು ಅಡಿ ದೂರ ನಿಂತು, ಲಕ್ಷ್ಮೀಯ ಒತ್ತು ಎಣಿಸಿ.