ಒಂದೇ ಕಡತದಿಂದ ಪ್ರಶ್ನೆಪತ್ರಿಕೆ ಮತ್ತು ಮಾದರಿ ಉತ್ತರ

ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಕುಳಿತಾಗ ಕೆಲವೊಮ್ಮೆ ಒಂದು ತೊಡಕು ಎದುರಾಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ 7ನೆಯದಾಗಿರುವ ಪ್ರಶ್ನೆ ಮಾದರಿ ಉತ್ತರದ ಹಾಳೆಯಲ್ಲಿ 8ನೆಯದಾಗಿರುತ್ತದೆ. ಇಲ್ಲವೇ ‘ಒಟ್ಟು ಅಂಕಗಳು 25’ ಎಂದು ಅಚ್ಚಾಗಿದ್ದರೂ ಕೂಡಿದಾಗ 26 ಬರುತ್ತದೆ. ಇದರಿಂದ ನಷ್ಟವಾಗುವುದು ವಿದ್ಯಾರ್ಥಿಗೆ. ಪ್ರಶ್ನೆ ಮತ್ತು ಉತ್ತರಗಳನ್ನು ಬೇರೆ ಬೇರೆ ಕಡತಗಳಲ್ಲಿಟ್ಟು, ಒಂದನ್ನು ಮಾತ್ರ ತಿದ್ದುವುದೇ ಇದಕ್ಕೆ ಮುಖ್ಯ ಕಾರಣ. ಎರಡನ್ನೂ ಒಂದೇ ಕಡತದಲ್ಲಿ ಇಡಲು ಸಾಧ್ಯವೇ?

ಸಾಧ್ಯ. ಇದಕ್ಕೆ ಬೇಕಾದ ತಂತ್ರಾಂಶಗಳೆಲ್ಲವೂ ಉಚಿತ. ‘ಆರ್ಗ್ ಮೋಡ್’ ಎಂಬುದು ಈಮ್ಯಾಕ್ಸ್ ಪಠ್ಯ ಸಂಪಾದಕದ ಒಂದು ಸೌಲಭ್ಯ. ಖಗೋಳ ವಿಜ್ಞಾನಿ ಕಾರ್ಸ್ಟೆನ್ ಡೊಮಿನಿಕ್ ಇದನ್ನು 2003ರಲ್ಲಿ ರೂಪಿಸಿದರು. ಇದರಲ್ಲಿ ಬರೆದದ್ದು ಬರಿಯ ಪಠ್ಯವಾಗಿಯೇ ಉಳಿಯುತ್ತದೆ. ಸಾಲಿನ ಆರಂಭದಲ್ಲಿ ಒಂದು ನಕ್ಷತ್ರ ಚಿಹ್ನೆ ಇದ್ದರೆ ಅದು ಶೀರ್ಷಿಕೆ, ಎರಡಿದ್ದರೆ ಉಪಶೀರ್ಷಿಕೆ. ಈ ಟಿಪ್ಪಣಿಯನ್ನು ಆರ್ಗ್ ಮೋಡ್ ‘ಲೇಟೆಕ್’ ಭಾಷೆಗೆ ಪರಿವರ್ತಿಸುತ್ತದೆ. ಡೊನಾಲ್ಡ್ ಕನೂತ್ ಅವರ ‘ಟೆಕ್’ ಅಕ್ಷರಜೋಡಣಾ ವ್ಯವಸ್ಥೆಯ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ ಭಾಷೆ ಲೇಟೆಕ್. ಕೊನೆಗೆ ದೊರೆಯುವುದು ಅಚ್ಚಿಗೆ ಸಿದ್ಧವಾದ ಪಿಡಿಎಫ್.

ಲೇಟೆಕ್‌ನಲ್ಲಿ ಪ್ರಶ್ನೆಪತ್ರಿಕೆಗಳಿಗೆಂದೇ ಇರುವ ವಿನ್ಯಾಸ ‘ಎಕ್ಸಾಮ್ ಕ್ಲಾಸ್’. ಇದನ್ನು ಬರೆದವರು ಗಣಿತಜ್ಞ ಫಿಲಿಪ್ ಹಿರ್ಷ್‌ಹಾರ್ನ್. ಶೀರ್ಷಿಕೆಯನ್ನು ವಿಭಾಗವಾಗಿಯೂ ಉಪಶೀರ್ಷಿಕೆಯನ್ನು ಪ್ರಶ್ನೆಯಾಗಿಯೂ ಬದಲಿಸಬೇಕೆಂದು ಆರ್ಗ್ ಮೋಡ್‌ಗೆ ಒಮ್ಮೆ ತಿಳಿಸಿಟ್ಟರೆ ಸಾಕು. ಉದಾಹರಣೆಗೆ, ಎರಡು ನಕ್ಷತ್ರಗಳ ನಂತರ ಚೌಕ ಆವರಣದಲ್ಲಿ 2 ಎಂದು ಅಂಕ ನಮೂದಿಸಿ, ‘ಕಬ್ಬಿಣ ತುಕ್ಕು ಹಿಡಿಯಲು ಅಗತ್ಯವಾದ ಎರಡು ವಸ್ತುಗಳಾವುವು?’ ಎಂದು ಬರೆಯಿರಿ. ಅದರ ಕೆಳಗೆ ‘ಸಲ್ಯೂಷನ್’ ಎಂಬ ಹೆಸರಿನ ಚೌಕಟ್ಟು ತೆರೆದು ‘ನೀರು ಮತ್ತು ಆಕ್ಸಿಜನ್’ ಎಂದು ಸೇರಿಸಿ.

ಹಾಗೆಯೇ ಪರಿವರ್ತಿಸಿದರೆ ಉತ್ತರ ಮರೆಯಾಗಿ ಪ್ರಶ್ನೆ ಮಾತ್ರ ಅಚ್ಚಾಗುತ್ತದೆ. ಬೇಕಿದ್ದರೆ ಉತ್ತರ ಬರೆಯಲು ಇಷ್ಟು ಸೆಂಟಿಮೀಟರ್ ಖಾಲಿ ಜಾಗ ಎಂದೂ ಸೂಚಿಸಬಹುದು. ಕಡತದ ಆರಂಭದಲ್ಲಿ ‘ಪ್ರಿಂಟ್‌ಆನ್ಸರ್ಸ್’ ಎಂಬ ಒಂದೇ ಆದೇಶವನ್ನು ಸೇರಿಸಿದರೆ ಅದೇ ಕಡತ ಮಾದರಿ ಉತ್ತರವಾಗುತ್ತದೆ. ಪ್ರಶ್ನೆಗಳ ಕ್ರಮ ಬದಲಿಸಿದರೆ ಕ್ರಮಸಂಖ್ಯೆಗಳು ಎರಡರಲ್ಲೂ ತಾವಾಗಿಯೇ ಬದಲಾಗುತ್ತವೆ. ಅಂಕಗಳ ಮೊತ್ತವನ್ನೂ ಗಣಕವೇ ಲೆಕ್ಕ ಹಾಕಿ ಮುದ್ರಿಸುವಂತೆ ಮಾಡಬಹುದು.

ಕನ್ನಡಕ್ಕೆ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಒತ್ತಕ್ಷರಗಳು ಸರಿಯಾಗಿ ಮೂಡಬೇಕಾದರೆ ಪರಿವರ್ತನೆಗೆ ‘ಜೀಲೇಟೆಕ್’ ಆಯ್ದು, ಯೂನಿಕೋಡ್ ಕನ್ನಡ ಅಕ್ಷರಶೈಲಿಯೊಂದನ್ನು ಸೂಚಿಸಬೇಕು. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿಟ್ಟ ಪ್ರಶ್ನೆಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಆರಂಭದ ಹೊಂದಿಕೆಗೆ ಸ್ವಲ್ಪ ತಾಳ್ಮೆ ಬೇಕು. ಆದರೆ ಒಮ್ಮೆ ಸಿದ್ಧವಾದ ಕಡತ ಮುಂದಿನ ಪರೀಕ್ಷೆಗಳಿಗೂ ಬುನಾದಿಯಾಗುತ್ತದೆ. ಉತ್ತರ ಸರಿಯೇ ಎಂಬುದನ್ನು ಮಾತ್ರ ಯಾವ ತಂತ್ರಾಂಶವೂ ಪರಿಶೀಲಿಸದು; ಅದು ಶಿಕ್ಷಕರ ಹೊಣೆ. ಹಾಗೆಯೇ, ಪತ್ರಿಕೆಯನ್ನು ಅಚ್ಚಿಗೆ ಕಳುಹಿಸುವ ಮುನ್ನ ಉತ್ತರಗಳು ಮರೆಯಾಗಿವೆಯೇ ಎಂದು ಪಿಡಿಎಫ್ ತೆರೆದು ಕಡೆಯ ಪುಟದವರೆಗೂ ನೋಡಲು ಮರೆಯದಿರಿ.